ಹೇಮಾವತಿ ಕೇಳಿದ ತಾರೀಖು

ನಮ್ಮ ಲ್ಯಾಬಿನಲ್ಲಿ ಪಗಾರ ಏರಿಸಿ ಎಂದು ಕೇಳಬೇಕಾದರೆ ಮೊದಲು ಪಂಚಾಂಗ ನೋಡಬೇಕಿತ್ತು. ನಗಬೇಡಿ, ಖರೇ ಹೇಳುತ್ತಿದ್ದೇನೆ. ಮಾಲೀಕರಾದ ಕಮಲಾಕರ ರಾಯರು ಏಕಾದಶಿಗೆ ಹನಿ ನೀರನ್ನೂ ಮುಟ್ಟದವರು. ಆ ದಿನ ಹೋಗಿ ಪಗಾರದ ಮಾತೆತ್ತಿದವನು ಕೆಟ್ಟ. ಮರುದಿನ ದ್ವಾದಶಿ. ಬೆಳಗ್ಗೆ ಬೇಗ ಪಾರಣೆ ಮುಗಿಸಿ, ಹೊಟ್ಟೆ ತುಂಬ ಉಂಡು, ಅವರು ಲ್ಯಾಬಿನ ಬಾಗಿಲು ದಾಟುವಾಗ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಕೇಳುವುದಿದ್ದರೆ ಆಗ ಕೇಳಬೇಕು. ಕೆಲಸಕ್ಕೆ ಸೇರಿದ ವರ್ಷ ಇದು ಗೊತ್ತಿಲ್ಲದೆ ನಾನು ಏಕಾದಶಿಯ ಮಧ್ಯಾಹ್ನವೇ ಕೇಳಿಬಿಟ್ಟೆ. "ನೋಡೋಣ" ಎಂದರು. ಆ ನೋಡೋಣ ಎರಡು ವರ್ಷ ನಡೆಯಿತು.

ನಾನು ಜಂಬುನಾಥ್, ಅಲ್ಲಿ ಸರ್ಟಿಫಿಕೇಟು ಟೈಪ್ ಮಾಡುವವನು. ಸಂಡೂರಿನ ಗುಡ್ಡಗಳನ್ನು ಲಾರಿಗೆ ತುಂಬಿ ಬಂದರಿಗೆ ಸಾಗಿಸುತ್ತಿದ್ದ ಕಾಲ ಅದು. ಯಾವ ಗುಡ್ಡದ ಅದಿರಿನಲ್ಲಿ ನೂರಕ್ಕೆ ಎಷ್ಟು ಪಾಲು ಕಬ್ಬಿಣವಿದೆ ಎಂದು ಪರೀಕ್ಷೆ ಮಾಡಿ ಕಾಗದದ ಮೇಲೆ ಬರೆದುಕೊಡದಿದ್ದರೆ ಒಂದು ಬುಟ್ಟಿಯೂ ಮಾರಾಟವಾಗುತ್ತಿರಲಿಲ್ಲ. ಅರವತ್ಮೂರು ಎಂದು ಬಂದರೆ ಒಂದು ರೇಟು, ಅರವತ್ನಾಲ್ಕು ಬಂದರೆ ಇನ್ನೊಂದು. ಕಮಲಾಕರ ರಾಯರು ದೋಣಿಮಲೈಯ ಸರ್ಕಾರಿ ಗಣಿಯಲ್ಲಿ ಕೆಮಿಸ್ಟರಾಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೊಸಪೇಟೆಯ ತಮ್ಮ ಮನೆಯ ಹಿಂದೆ ಮೂರು ಕೋಣೆ ಕಟ್ಟಿಸಿ ಈ ಲ್ಯಾಬು ತೆಗೆದಿದ್ದರು. ಕೆಟ್ಟ ಮನುಷ್ಯರಲ್ಲ. ಕಾಯಿಲೆ ಎಂದರೆ ರಜೆ ಕೊಡುತ್ತಿದ್ದರು, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು. ಪಗಾರದ ಮಾತು ಬಂದಾಗ ಮಾತ್ರ ಕಿವಿ ಮಂದವಾಗುತ್ತಿತ್ತು.

ಪ್ರೈವೇಟ್ ಕೆಲಸದಲ್ಲಿ ಪಗಾರ ಎಷ್ಟು ದಿನಕ್ಕೊಮ್ಮೆ ಏರುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದ್ದರೆ, ಪಕ್ಕದವನು ಬಿಟ್ಟು ಹೋದಾಗ ಎಂದು ಹೇಳುತ್ತಿದ್ದೆ. ನಮ್ಮಲ್ಲಿ ನಡೆಯುತ್ತಿದ್ದದ್ದು ಅದೇ. ಒಬ್ಬ ತೋರಣಗಲ್ಲಿನ ಕಾರ್ಖಾನೆಗೆ ಹಾರಿದ ಎಂದರೆ, ಉಳಿದವರೂ ಹಾರಿಯಾರು ಎಂಬ ಹೆದರಿಕೆಯಿಂದ ರಾಯರು ಒಬ್ಬೊಬ್ಬರನ್ನೇ ಒಳಗೆ ಕರೆದು ನೂರೋ ಇನ್ನೂರೋ ಏರಿಸುತ್ತಿದ್ದರು. ಕೊನೆಗೆ ದನಿ ಇಳಿಸಿ "ನಿನಗಷ್ಟೇ ಮಾಡೇನಿ, ಯಾರ ಮುಂದೂ ಬಾಯಿ ಬಿಡಬ್ಯಾಡ" ಎನ್ನುತ್ತಿದ್ದರು. ನಾವು ಐದು ಮಂದಿ ನೌಕರರು. ಐದೂ ಮಂದಿ ತಾನೊಬ್ಬನೇ ರಾಯರಿಗೆ ಬೇಕಾದವನು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡು ತಿರುಗುತ್ತಿದ್ದೆವು. ಅಷ್ಟು ಓದಿದ ನಮಗೆ ಅಷ್ಟೂ ತಿಳಿಯಲಿಲ್ಲ ನೋಡಿ.

ಹೇಮಾವತಿ ಓದಿದ್ದು ಎಂಟನೇ ಕ್ಲಾಸು. ಕಂಪ್ಲಿಯವಳು. ಗಂಡ ಎರ್ರಿಯಪ್ಪ ಗಾರೆ ಕೆಲಸದವನು, ಹೊಸಪೇಟೆಯಲ್ಲಿ ಮನೆಗಳು ಏಳತೊಡಗಿದ ಮೇಲೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಿದ್ದ. ಎರಡು ಸಾವಿರದ ಒಂದರಲ್ಲಿ ಆಕೆ ನಮ್ಮಲ್ಲಿ ಅದಿರು ಕುಟ್ಟುವ ಕೆಲಸಕ್ಕೆ ಸೇರಿದಳು. ಲಾರಿಗಳಿಂದ ಚೀಲದಲ್ಲಿ ಬರುವ ಕಲ್ಲನ್ನು ಕಬ್ಬಿಣದ ಒರಳಿನಲ್ಲಿ ಹಾಕಿ ಕುಟ್ಟಬೇಕು, ಜರಡಿ ಹಿಡಿಯಬೇಕು. ಪುಡಿಯನ್ನು ರಾಶಿ ಮಾಡಿ, ಅಂಗೈಯಲ್ಲಿ ತಟ್ಟಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಬೇಕು. ಉಳಿದದ್ದನ್ನು ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು, ಕೊನೆಗೆ ಒಂದು ಹಿಡಿಯಾಗುವ ತನಕ. ಆ ಹಿಡಿಯಲ್ಲಿ ಇಡೀ ಲಾರಿಯ ಗುಣ ಇರಬೇಕು. ಉಳಿದ ಹೆಂಗಸರು ಬೇಗ ಮುಗಿಯಲೆಂದು ಕೈಗೆ ಸಿಕ್ಕ ಕಡೆಯಿಂದ ಒಂದು ಹಿಡಿ ಎತ್ತಿಕೊಡುತ್ತಿದ್ದರು. ಹೇಮಾವತಿ ಮಾತ್ರ ರೊಟ್ಟಿ ತಟ್ಟುವಷ್ಟು ಜತನದಿಂದ ಪಾಲು ಮಾಡುತ್ತಿದ್ದಳು.

ಒಂದು ದಿನ ಕೆಮಿಸ್ಟ್ ಹುಡುಗ ಹೇಳದೆ ಕೇಳದೆ ಕೆಲಸ ಬಿಟ್ಟ. ಹೊರಗೆ ಹದಿನೆಂಟು ಲಾರಿ ಕಾಯುತ್ತಿದ್ದವು, ರಾಯರು ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದಿದ್ದರು. ಆಗ ಹೇಮಾವತಿ ಸೆರಗು ಸಿಕ್ಕಿಸಿಕೊಂಡು ಆಸಿಡ್ಡಿನ ಕೋಣೆಗೆ ಹೋಗಿ ನಿಂತಳು. ಒಂದೂವರೆ ವರ್ಷ ಬಾಗಿಲಲ್ಲಿ ನಿಂತು ನೋಡಿ ನೋಡಿ ಎಲ್ಲವನ್ನೂ ಕಲಿತಿದ್ದಳು. ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ, ಹಳದಿ ಬಣ್ಣ ಹೋಗಿಸಿ, ಮೇಲಿನ ಗಾಜಿನ ಕೊಳವೆಯಿಂದ ಔಷಧ ಹನಿ ಹನಿಯಾಗಿ ಬಿಡಬೇಕು. ಹಸಿರು ನೀರು ಒಂದು ಹನಿಗೆ ನೇರಳೆಯಾಗುತ್ತದೆ. ಆ ಹನಿಗೆ ಕೈ ನಿಲ್ಲಬೇಕು. ಒಂದು ಹನಿ ಹೆಚ್ಚಾದರೆ ಇಲ್ಲದ ಕಬ್ಬಿಣ ಕಾಗದದ ಮೇಲೆ ಬರುತ್ತದೆ. ರಾಯರು ಕುಂಟುತ್ತಾ ಬಂದು ಮೂರು ಸ್ಯಾಂಪಲ್ಲು ತಾವೇ ಮತ್ತೊಮ್ಮೆ ಮಾಡಿ ನೋಡಿದರು. ಮೂರೂ ತಾಳೆಯಾದವು.

ಅಂದಿನಿಂದ ಆಕೆಯೇ ಕೆಮಿಸ್ಟು, ಆ ಹೆಸರೊಂದು ಮಾತ್ರ ಇರಲಿಲ್ಲ. ಹೆಸರಿಗೆ ಬಿ.ಎಸ್ಸಿ. ಓದಿದ ಹುಡುಗರು ಬರುತ್ತಿದ್ದರು, ಆಕೆಯಿಂದ ಕೈಚಳಕ ಕಲಿಯುತ್ತಿದ್ದರು, ನಾಲ್ಕು ತಿಂಗಳಿಗೆ ಎದ್ದು ಹೋಗುತ್ತಿದ್ದರು. ಅವರಿಗೆ ನಾಲ್ಕು ಸಾವಿರ, ಕಲಿಸುವವಳಿಗೆ ಸಾವಿರದ ಏಳುನೂರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಮೂರು ವರ್ಷದಲ್ಲಿ ಆಕೆಗೆ ಏರಿದ್ದು ಒಂದೇ ಸಲ, ಇನ್ನೂರು ರೂಪಾಯಿ. ಅದೂ ಯಾರೋ ಬಿಟ್ಟು ಹೋದ ಪುಣ್ಯದಿಂದ.

ಎರಡು ಸಾವಿರದ ನಾಲ್ಕರ ಮೇ ತಿಂಗಳಲ್ಲಿ ಮನೆಯೊಡತಿ ಹುಲುಗಮ್ಮ ಬಂದು, ಬಾಡಿಗೆ ಆರುನೂರು ಇದ್ದದ್ದು ಜುಲೈಯಿಂದ ಸಾವಿರ ಎಂದಳು. ಗಣಿಯವರು ಬಂದು ಬಂದು ಹೊಸಪೇಟೆಯಲ್ಲಿ ದನದ ಕೊಟ್ಟಿಗೆಗೂ ಬಾಡಿಗೆ ಬಂದಿತ್ತು. "ಜೂನ್ ಮೂವತ್ತಕ್ಕ ಹೇಳಿಬಿಡವಾ. ಇರ್ತೀಯೋ, ಖಾಲಿ ಮಾಡ್ತೀಯೋ. ಬ್ಯಾರೇದವ್ರು ಕಾಯಾಕತ್ಯಾರ" ಎಂದಳು ಹುಲುಗಮ್ಮ. ಖಾಲಿ ಮಾಡುವುದೆಂದರೆ ಕಂಪ್ಲಿಗೆ ವಾಪಸು ಹೋಗುವುದು. ಮಗಳು ಒಂಬತ್ತನೇ ಕ್ಲಾಸು ಮುಗಿಸಿ ಹತ್ತಕ್ಕೆ ಬಂದಿದ್ದಳು, ಲೆಕ್ಕದಲ್ಲಿ ಶಾಲೆಗೇ ಮೊದಲು. ನಡುವೆ ಶಾಲೆ ಬಿಡಿಸುವ ಮಾತು ಹೇಮಾವತಿಯ ಬಾಯಿಂದ ಹೊರಡುತ್ತಿರಲಿಲ್ಲ. ಒರಳಿನ ಸದ್ದು ಮಾತ್ರ ಆ ವಾರ ಜೋರಾಗಿತ್ತು. ಕೆಮಿಸ್ಟಾದರೂ ಕುಟ್ಟುವ ಕೆಲಸ ಆಕೆಗೆ ತಪ್ಪಿರಲಿಲ್ಲ.

ಅದೇ ತಿಂಗಳು ಆಕೆಯ ಅಣ್ಣ ಮೂಕಣ್ಣನ ಮನೆಯಲ್ಲಿ ತೊಟ್ಟಿಲ ಕಾರ್ಯ. ಅವನು ದೋಣಿಮಲೈಯ ಸರ್ಕಾರಿ ಗಣಿಯಲ್ಲಿ ಹೆಲ್ಪರು, ಕಂಪನಿ ಕ್ವಾರ್ಟರ್ಸಿನಲ್ಲಿ ವಾಸ. ವಾಪಸು ಬಂದ ಹೇಮಾವತಿ ಊಟದ ಹೊತ್ತಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ಕುಳಿತಳು.

"ಜಂಬಣ್ಣ, ನಮ್ಮಣ್ಣಗ ವರ್ಷಾ ವರ್ಷಾ ಪಗಾರ ಏರ್ತೈತಂತ. ಯಾರನ್ನೂ ಕೇಳಂಗಿಲ್ಲಂತ. ಬಾಗಲದಾಗ ನಿಂದ್ರಂಗಿಲ್ಲಂತ. ತಾರೀಖು ಬಂತಂದ್ರ ತಾನ ಏರ್ತೈತಂತ."

"ಅದು ಸರ್ಕಾರಿ, ಹೇಮಕ್ಕ. ಇಂಕ್ರಿಮೆಂಟು ಅಂತಾರ" ಎಂದೆ, ದೊಡ್ಡ ಪಂಡಿತನ ಹಾಗೆ.

"ಹೆಸರು ಏನರ ಇರ್ಲಿ. ಬಾಡಿಗಿ ಏರಾಕ ಯಾರನ್ನರ ಕೇಳ್ತೈತೇನು? ಶಾಲಿ ಫೀಸು ಕೇಳ್ತೈತೇನು? ಪಗಾರಾ ಮಾತ್ರ ಯಾಕ ಕೇಳಿದ್ರ ಏರಬೇಕು?"

ಆಕೆ ಆ ದಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಜೂನಿನಲ್ಲಿ ಯಶವಂತನಗರದ ಹೊಸ ಲ್ಯಾಬಿನವನೊಬ್ಬ ಮೋಟರ್ ಸೈಕಲ್ಲಿನಲ್ಲಿ ಬಂದು, ಗೇಟಿನ ಹೊರಗೆ ಆಕೆಯನ್ನು ಕರೆಸಿಕೊಂಡ. ಮೂರೂವರೆ ಸಾವಿರ ಕೊಡುತ್ತೇವೆ, ಜೀಪು ಕಳಿಸುತ್ತೇವೆ, ನಾಳೆಯೇ ಬಾ ಎಂದ. ನಾನು ಕಿಟಕಿಯಲ್ಲೇ ಇದ್ದೆ. ಹೇಮಾವತಿ ಕೇಳಿದ್ದು ಒಂದೇ ಮಾತು. "ಮುಂದಿನ ವರ್ಷ ಎಷ್ಟು ಕೊಡ್ತೀರಿ?"

ಅವನು ಬಿದ್ದು ಬಿದ್ದು ನಕ್ಕ. "ಮುಂದಿನ ವರ್ಷ ಯಾರು ಕಂಡಾರಬೇ ಅಕ್ಕಾ? ಈಗ ಗಾಳಿ ಬೀಸಾಕತ್ತೈತಿ, ಈಗ ತೂರ್ಕೋ."

ಗಾಳಿ ಬಂದಾಗ ತೂರಿಕೋ ಎನ್ನುವುದು ಹಳೆಯ ಮಾತೇ, ಸುಳ್ಳೇನಲ್ಲ. ಹೇಮಾವತಿ ಮಾತ್ರ ಅವನಿಗೆ ಹೂಂ ಎನ್ನದೆ ಒಳಗೆ ಬಂದಳು. ನಮ್ಮಲ್ಲಿ ಎಲ್ಲರೂ ಹೋಗು ಹೋಗು ಎಂದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನು. ಯಾಕೆಂದು ಈಗ ಹೇಳಿಬಿಡುತ್ತೇನೆ, ನಾಚಿಕೆಗೆಟ್ಟವನು ಎಂದುಕೊಂಡರೂ ಚಿಂತೆಯಿಲ್ಲ. ಆಕೆ ಹೋದರೆ ರಾಯರು ಹೆದರುತ್ತಾರೆ, ಹೆದರಿದರೆ ನನಗೆ ಇನ್ನೂರು ಏರುತ್ತದೆ. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಸುದ್ದಿ ರಾಯರಿಗೆ ಮುಟ್ಟಿತು. ಮರುದಿನ ಹೇಮಾವತಿ ಕೇಳುವ ಮೊದಲೇ ಒಳಗೆ ಕರೆದರು. ನಾನು ಸಹಿಗೆಂದು ಕಾಗದ ಹಿಡಿದು ಅಲ್ಲೇ ನಿಂತಿದ್ದೆ. ನನ್ನನ್ನು ಅವರು ಯಾವತ್ತೂ ಮನುಷ್ಯ ಎಂದು ಲೆಕ್ಕಕ್ಕೆ ಹಿಡಿದವರಲ್ಲ, ಆದ್ದರಿಂದ ಹೊರಗೆ ಕಳಿಸಲಿಲ್ಲ.

"ಎಲ್ಲಾ ಕೇಳೇನವಾ. ನೀ ಎಲ್ಲೂ ಹೋಗಬ್ಯಾಡ. ಮೂರು ಸಾವಿರ ಮಾಡ್ತೀನಿ, ಈ ತಿಂಗಳಿಂದನ. ಆದ್ರ ನಿನಗಷ್ಟೇ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಮೂರು ಸಾವಿರ! ಬಾಡಿಗೆಯ ಚಿಂತೆ ಒಂದೇ ಮಾತಿಗೆ ತೀರಿತು. ಹೇಮಾವತಿ ಸೆರಗಿನ ತುದಿ ಹಿಡಿದುಕೊಂಡು ಕೇಳಿದಳು.

"ಸಾರ್, ಆಮ್ಯಾಲೆ ಯಾವಾಗ ಏರ್ತೈತ್ರಿ?"

"ಆಮ್ಯಾಲೆ ಅಂದ್ರ?"

"ಮುಂದಿನ ಸಲ. ಮತ್ತ ಒಬ್ಬ ಗೇಟಿಗೆ ಬಂದು ನನ್ನ ಕರದಾಗ ಏನ್ರಿ?"

ರಾಯರ ಮುಖ ಬಿಗಿಯಿತು. "ನನ್ನ ಮ್ಯಾಲ ನಂಬಿಕಿ ಇಲ್ಲೇನು ನಿನಗ? ವ್ಯಾಳ್ಯಾ ಬಂದಾಗ ನೋಡೋಣಲ್ಲ."

"ನಂಬಿಕಿ ಐತ್ರಿ. ನೀವು ಏಕಾದಶಿ ಮಾಡ್ತೀರಲ್ಲ ಸಾರ್, ಅದು ನಂಬಿಕಿ ಮ್ಯಾಲ ಬರ್ತೈತೇನ್ರಿ? ಪಂಚಾಂಗದಾಗ ಬರದಾರ, ಹದಿನೈದು ದಿನಕ್ಕೊಮ್ಮಿ ತಾನ ಬರ್ತೈತಿ. ಯಾರೂ ನಿಮ್ಮ ಬಾಗಲಕ್ಕ ಬಂದು ಇವತ್ತು ಏಕಾದಶಿ ಮಾಡ್ರಿ ಅಂತ ಕೈ ಮುಗಿಯಂಗಿಲ್ಲ. ನಮ್ಮ ಪಗಾರಕ್ಕೂ ಒಂದು ತಾರೀಖು ಬರೀರಿ. ಮೂರು ಸಾವಿರ ಬ್ಯಾಡ, ಕಡಿಮಿ ಕೊಡ್ರಿ. ಆದ್ರ ವರ್ಷಕ್ಕೊಮ್ಮಿ ಏರ್ಲಿ, ಎಲ್ಲಾರ್ಗೂ ಏರ್ಲಿ."

ಏಕಾದಶಿಯನ್ನು ಪಗಾರದ ಜೊತೆ ಸೇರಿಸಿದ್ದು ರಾಯರಿಗೆ ಚುಚ್ಚಿತು. "ವ್ಯವಹಾರದಾಗ ದೇವರನ್ನ ಎಳೀಬ್ಯಾಡ. ಹೋಗು, ಕೆಲಸ ನೋಡು" ಎಂದರು. ಮೂರು ಸಾವಿರದ ಮಾತೂ ಅಲ್ಲಿಗೇ ನಿಂತಿತು.

ಹೊರಗೆ ಬಂದ ಮೇಲೆ ನಾನು ಬೈದೆ. "ತಲಿ ಕೆಟ್ಟೈತೇನು ಹೇಮಕ್ಕ? ಬಾಯಿಗೆ ಬಂದ ತುತ್ತು ಉಗುಳಿದ್ಯಲ್ಲ. ನಮಗೋಸ್ಕರ ನೀ ಯಾಕ ಜಗಳಾಡ್ತಿ?"

"ನಿಮಗೋಸ್ಕರ ಅಲ್ಲ ಜಂಬಣ್ಣ. ನನಗೊಬ್ಬಾಕಿಗೆ ಕೊಟ್ರ ಅದು ಅವ್ರ ಮನಸಿನಾಗಿಂದು, ಮರ್ತುಬಿಡ್ತಾರ. ಐದು ಮಂದಿಗೆ ಬರದ್ರ ಮರಿಯಾಕ ಆಗಂಗಿಲ್ಲ" ಎಂದಳು. ನಂತರ ದನಿ ತಗ್ಗಿತು. "ತಪ್ಪು ಮಾಡಿದ್ನೇನೋ ಅಂತ ನನಗೂ ಅನಿಸಾಕತ್ತೈತಿ. ಮಗಳ ಮುಖ ನೋಡಾಕ ಆಗವಲ್ದು."

ಹತ್ತು ದಿನ ಕಳೆದವು. ರಾಯರು ಆಕೆಯ ಕೋಣೆಗೆ ಕಾಲಿಡಲಿಲ್ಲ. ಯಶವಂತನಗರದವನು ಬೇರೊಬ್ಬನನ್ನು ಹಿಡಿದುಕೊಂಡನೆಂದು ಸುದ್ದಿ ಬಂತು. ಎರ್ರಿಯಪ್ಪ ಕಂಪ್ಲಿಗೆ ಹೋಗಿ ಮುಚ್ಚಿದ್ದ ಮನೆಯ ಕಸ ಹೊಡೆದು ಬಂದ. ಹೇಮಾವತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದ್ದಾಳೆ ಎಂದು ತಿಳಿದಾಗ ನನಗೆ ಇನ್ನೂರು ರೂಪಾಯಿಯ ಆಸೆ ಹೋಯಿತು. ನಿಜ ಹೇಳುತ್ತೇನೆ, ಹೋಗೇ ಹೋಯಿತು. ಲೆಕ್ಕದಲ್ಲಿ ಮೊದಲು ಬರುವ ಹುಡುಗಿ ಶಾಲೆ ಬಿಡುವುದನ್ನು ನೋಡಿ ಗಳಿಸುವ ಇನ್ನೂರು ನನಗೆ ಬೇಡವಾಗಿತ್ತು.

ಜೂನ್ ಇಪ್ಪತ್ತೊಂಬತ್ತು, ಆಷಾಢ ಶುದ್ಧ ದ್ವಾದಶಿ. ಹಿಂದಿನ ದಿನ ಪ್ರಥಮೈಕಾದಶಿಗೆ ಮಠದಲ್ಲಿ ಹಾಕಿಸಿಕೊಂಡ ಬಿಸಿ ಮುದ್ರೆ ರಾಯರ ತೋಳಿನ ಮೇಲೆ ಇನ್ನೂ ಕೆಂಪಗಿತ್ತು. ಸಹಿ ಮಾಡಿಸಲು ಬೆಳಗ್ಗೆಯೇ ನಾನು ಅವರ ಮನೆಗೆ ಹೋಗಿ ಪಡಸಾಲೆಯಲ್ಲಿ ಕಾಯುತ್ತಿದ್ದೆ. ಒಳಗೆ ಪಾರಣೆ ನಡೆದಿತ್ತು. ಬಡಿಸುತ್ತಿದ್ದ ಅವರ ಹೆಂಡತಿ ಇಂದಿರಾಬಾಯಿಯ ದನಿ ಕೇಳಿಸಿತು.

"ಆ ಹೇಮಾವತಿ ಮನಿ ಖಾಲಿ ಮಾಡ್ಲಿಕ್ಕತ್ತಾಳಂತ. ಹೂವಿನಾಕಿ ಹೇಳಿದ್ಲು."

"ಮೂರು ಸಾವಿರ ಕೊಡ್ತೀನಂದೆ. ಬ್ಯಾಡ ಅಂದ್ಲು. ಆಕೀಗೆ ತಾರೀಖು ಬೇಕಂತ, ತಾರೀಖು!"

"ತಪ್ಪೇನದ ಅದರಾಗ? ದೋಣಿಮಲೈದಾಗ ಮೂವತ್ತು ವರ್ಷ ನಿಮ್ಮ ಇಂಕ್ರಿಮೆಂಟಿಗೆ ಯಾವ ಸಾಹೇಬ್ರ ಬಾಗಲಾ ಕಾದಿದ್ರಿ ನೀವು? ಒಂದು ವರ್ಷ ಹದಿನೈದು ದಿನ ತಡಾ ಆಗಿದ್ದಕ್ಕ ಮನ್ಯಾಗ ಊಟಾ ಬಿಟ್ಟು ಕೂತಿದ್ರಲ್ಲ, ಮರ್ತೀರೇನು?"

"ಅದು ಸರ್ಕಾರ, ಇಂದಿರಾ."

"ಹೊಟ್ಟಿ ಸರ್ಕಾರದ್ದಲ್ಲಲ್ಲ. ಇನ್ನಷ್ಟು ಅನ್ನ ಹಾಕ್ಲ್ಯಾ?"

ಆಮೇಲೆ ರಾಯರು ಕೈ ತೊಳೆದು ಹೊರಗೆ ಬಂದು, ನಾನು ಹಿಡಿದ ಕಾಗದಕ್ಕೆ ಸಹಿ ಹಾಕದೆ, "ಜಂಬುನಾಥ, ಐದು ಪತ್ರ ಟೈಪ್ ಮಾಡೋದದ, ನಡಿ" ಎಂದರು.

ಅವರು ಹೇಳಿದರು, ನಾನು ಬಡಿದೆ. ಹೇಮಾವತಿಗೆ ಎರಡು ಸಾವಿರದ ನಾನೂರು, ಉಳಿದವರಿಗೆ ಅವರವರ ಈಗಿನ ಪಗಾರ. ಎಲ್ಲರಿಗೂ ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ಏರಿಕೆ, ಯಾರೂ ಅರ್ಜಿ ಕೊಡುವ ಅಗತ್ಯವಿಲ್ಲ. ಅವಸರಕ್ಕೆ ನಾಲ್ಕು ಕಡೆ ತಪ್ಪು ಹೊಡೆದೆ. ಎಲ್ಲರನ್ನೂ ಕರೆದು ಒಬ್ಬೊಬ್ಬರ ಕೈಗೆ ಪತ್ರ ಕೊಟ್ಟರು. ಉಳಿದವರು ಓದದೆಯೇ ಕಣ್ಣಿಗೊತ್ತಿಕೊಂಡರು. ಹೇಮಾವತಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಓದಿ ತಲೆ ಎತ್ತಿದಳು.

"ಸಾರ್, ಇದರಾಗ 'ಪ್ರತಿ ವರ್ಷ ಆಷಾಢ ಶುದ್ಧ ದ್ವಾದಶಿಯಿಂದ' ಅಂತೈತ್ರಿ."

"ಹೌದು. ನೀನ ತಾರೀಖು ಬೇಕಂದ್ಯಲ್ಲ. ಇವತ್ತಿನಕಿಂತ ಒಳ್ಳೆ ದಿನ ಯಾವುದದ?"

"ದಿನ ಚಲೋನ ಐತ್ರಿ. ಆದ್ರ ಬರೋ ತಿಂಗಳಾಗ ಅಧಿಕ ಮಾಸ ಅಂತ ನೀವ ಹೇಳಿದ್ರಿ. ಎರಡು ಶ್ರಾವಣ. ಅಂದ್ರ ಮುಂದಿನ ಆಷಾಢ ದ್ವಾದಶಿ ಬರಾಕ ನಮಗ ಹದಿಮೂರು ತಿಂಗ್ಳು ಆಗ್ತೈತಿ. ಹುಲುಗಮ್ಮ ಅಧಿಕ ಮಾಸದ ಬಾಡಿಗಿ ಬಿಡ್ತಾಳೇನ್ರಿ?"

ಇಷ್ಟು ದಿನದ ಸಿಟ್ಟು ಈಗ ತಾನೇ ಇಳಿದಿದೆ, ಈಕೆ ಮತ್ತೆ ಕೊಳ್ಳಿ ಇಟ್ಟಳಲ್ಲ ಎಂದುಕೊಂಡೆ. ರಾಯರು ಪತ್ರವನ್ನು ತೆಗೆದುಕೊಂಡು ನೋಡಿದರು, ಗೋಡೆಯ ಪಂಚಾಂಗ ನೋಡಿದರು, ಬೆರಳು ಮಡಚಿ ಎಣಿಸಿದರು. ನಂತರ ನಕ್ಕರು. ಅವರು ಹಾಗೆ ಹೊಟ್ಟೆ ಅಲುಗಿಸಿ ನಕ್ಕದ್ದನ್ನು ಆ ದಿನವೇ ನಾನು ನೋಡಿದ್ದು. ಖರೇ ಹೇಳಬೇಕೆಂದರೆ ಅವರು ಮೋಸ ಮಾಡಲು ಬರೆಸಿದ್ದಲ್ಲ. ಹುಟ್ಟಿದಾಗಿನಿಂದ ಅವರ ವರ್ಷ ನಡೆದದ್ದೇ ತಿಥಿಯ ಮೇಲೆ.

"ನನಗ ಪಂಚಾಂಗಾ ಹೇಳಿಕೊಟ್ಯಲ್ಲ! ಜಂಬುನಾಥ, ಜುಲೈ ಒಂದು ಅಂತ ಹೊಡಿ."

ಐದೂ ಪತ್ರ ಮತ್ತೆ ಟೈಪ್ ಮಾಡಿದೆ. ಈ ಸಲ ಒಂದೂ ತಪ್ಪು ಬರಲಿಲ್ಲ. ಮರುದಿನ ಸಂಜೆ ಹೇಮಾವತಿ ಪತ್ರವನ್ನು ರವಿಕೆಯೊಳಗೆ ಇಟ್ಟುಕೊಂಡು ಹೋಗಿ, ಇರುತ್ತೇನೆ ಎಂದು ಹುಲುಗಮ್ಮನಿಗೆ ಹೇಳಿ ಬಂದಳು. ಎರ್ರಿಯಪ್ಪ ಗೋಣಿಚೀಲ ಬಿಚ್ಚಿ ಪಾತ್ರೆಗಳನ್ನು ಮತ್ತೆ ಗೋಡೆಯ ಹಲಗೆಯ ಮೇಲೆ ಜೋಡಿಸಿದನಂತೆ, ಎಲ್ಲಾ ತಲೆಕೆಳಗು. ಮೂರು ಸಾವಿರ ಬಿಟ್ಟು ಎರಡು ಸಾವಿರದ ನಾನೂರಕ್ಕೆ ಒಪ್ಪಿದ ಮರುಳಿ ಎಂದು ಓಣಿಯವರು ಆಡಿಕೊಂಡರು. ಆಕೆ ಮನೆಯಲ್ಲಿ ಮಗಳನ್ನು ಕೂರಿಸಿಕೊಂಡು ವರ್ಷಕ್ಕೆ ಎಷ್ಟು, ನಾಲ್ಕು ವರ್ಷಕ್ಕೆ ಎಷ್ಟು ಎಂದು ಲೆಕ್ಕ ಮಾಡಿಸಿದ್ದಳು. ಮೂರನೇ ಏರಿಕೆಗೇ ಮೂರು ಸಾವಿರ ದಾಟುತ್ತಿತ್ತು. ಮಗಳು ಹತ್ತನೆಯದನ್ನು ಹೊಸಪೇಟೆಯಲ್ಲೇ ಬರೆದಳು, ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಾರು.

ಆದರೂ ಬರೆದದ್ದು ಬರೀ ಬರಹ, ಕೈಗೆ ಬಂದಾಗಲೇ ಬಂತು ಎನ್ನಬೇಕು. ಪತ್ರ ಎಷ್ಟೋ ಕಂಡಿದ್ದೇವೆ ನಾವು. ಎರಡು ಸಾವಿರದ ಐದರ ಜುಲೈ ಪೂರ್ತಿ ನನಗೆ ಸಮಾಧಾನವಿರಲಿಲ್ಲ. ಒಂದೆರಡು ಸಲ ರಾಯರಿಗೆ ನೆನಪು ಮಾಡಲೆಂದು ಹೊರಟೆ, ಹೇಮಾವತಿ ಕಣ್ಣಲ್ಲೇ ತಡೆದಳು. ಆಗಸ್ಟ್ ಒಂದರಂದು ಜುಲೈ ಪಗಾರದ ಕವರು ಬಂದವು. ರಾಯರು ಎಂದಿನಂತೆ ಮೇಜಿನ ಮೇಲೆ ಇಟ್ಟು ತಮ್ಮ ಕೋಣೆಗೆ ಹೋದರು. ತೆರೆದು ನೋಡಿದೆ. ಏರಿತ್ತು. ನೂರಕ್ಕೆ ಹತ್ತು, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮೆಯಿಲ್ಲ.

ನನ್ನ ಕಣ್ಣು ತುಂಬಿ ಬಂದವು. ಓಡಿಹೋಗಿ ರಾಯರ ಮುಂದೆ ಬಾಗಿ ಎರಡೂ ಕೈ ಮುಗಿದೆ. "ದೊಡ್ಡ ಉಪಕಾರ ಆತ್ರಿ ಸಾರ್" ಎಂದೆ. ಉಳಿದ ಮೂವರೂ ನನ್ನ ಹಿಂದೆಯೇ ಬಂದು ಕೈ ಮುಗಿದರು. ರಾಯರಿಗೆ ಸಂತೋಷವಾಯಿತು. ಇನ್ನೊಬ್ಬಳು ಬರಬಹುದೆಂದು ಬಾಗಿಲ ಕಡೆ ನೋಡಿದರು. ಬರಲಿಲ್ಲ. ಕೊನೆಗೆ ತಾವೇ ಎದ್ದು ಆಸಿಡ್ಡಿನ ಕೋಣೆಯ ತನಕ ನಡೆದರು.

"ಕವರು ನೋಡಿದೇನವಾ ಹೇಮಾವತಿ?"

"ನೋಡಿದೆ ರೀ. ಸರಿ ಅದಾವ್ರಿ" ಎಂದಳು ಆಕೆ. ಹನಿಯಿಂದ ಕಣ್ಣು ತೆಗೆಯಲಿಲ್ಲ. ರಾಯರು ತಲೆ ಆಡಿಸಿ ವಾಪಸು ಹೋದರು.

ನನಗೆ ಸಿಟ್ಟು ಬಂತು. "ಇಷ್ಟು ಸೊಕ್ಕು ಬ್ಯಾಡ ಹೇಮಕ್ಕ. ಕೊಟ್ಟಾರ, ಒಂದು ಸಲ ಕೈ ಮುಗದ್ರ ಕೈ ಸವೀತಾವೇನು?"

ನೀರು ನೇರಳೆಯಾಯಿತು. ಆಕೆ ಕೊಳವೆಯ ಕೀಲಿ ತಿರುಗಿಸಿ, ಅಂಕಿ ಬರೆದುಕೊಂಡು, ಸೆರಗಿನಿಂದ ಬೆವರು ಒರೆಸಿಕೊಂಡಳು.

"ಕೊಟ್ಟದ್ದಕ್ಕ ಕೈ ಮುಗೀಬೇಕು ಜಂಬಣ್ಣ, ಇಲ್ಲಂತ ಅನ್ನಂಗಿಲ್ಲ. ಆದ್ರ ಕೊಟ್ಟದ್ದನ್ನ ನಿಲ್ಲಸಾಕೂ ಬರ್ತೈತಿ. ಇದು ಕೊಟ್ಟದ್ದಲ್ಲ, ಬಂದದ್ದು. ನೀನು ಪ್ರತಿ ವರ್ಷ ಹೋಗಿ ಕೈ ಮುಗಕೋಂತ ಕುಂತ್ರ, ನಾಕು ವರ್ಷಕ್ಕ ಅವ್ರಿಗೂ ಇದು ಕೊಟ್ಟದ್ದ ಅನಿಸ್ತೈತಿ."

ಮರುವರ್ಷ ಕವರು ಬಂದಾಗ ನಾನು ಎಣಿಸಿ ನೋಡಿದೆ. ಸರಿಯಾಗಿತ್ತು. ಕಾಲು ತಾನಾಗಿಯೇ ರಾಯರ ಕೋಣೆಯ ಕಡೆ ಎರಡು ಹೆಜ್ಜೆ ಹೋಗಿತ್ತು. ನಿಂತೆ, ಕವರನ್ನು ಜೇಬಿಗೆ ಹಾಕಿಕೊಂಡೆ, ನನ್ನ ಕುರ್ಚಿಗೆ ಬಂದು ಕುಳಿತು ಅಂದಿನ ಮೊದಲ ಸರ್ಟಿಫಿಕೇಟು ಟೈಪ್ ಮಾಡತೊಡಗಿದೆ.